ರಕ್ತದ ಮಾತನ್ನೂ ಹೇಳಿ: ತಂಬಾಕು ನಿಯಂತ್ರಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ತಂಬಾಕಿನ ಬಗ್ಗೆ ಜನರಿಗೆ ಎಚ್ಚರಿಕೆ ಬರೆಯುವ ಆರೋಗ್ಯ ಅಧಿಕಾರಿಗಳೇ, ದಿನವೂ ರಕ್ತದ ರಿಪೋರ್ಟ್ ನೋಡುವ ವೈದ್ಯರೇ,

ನಮಸ್ಕಾರ.

ಸಿಗರೇಟ್ ಪ್ಯಾಕಿನ ಮೇಲೆ ನೀವು ಹಾಕಿಸುವ ಚಿತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಇರಲೇಬೇಕು. ಕಪ್ಪಗಾದ ಶ್ವಾಸಕೋಶ, ಗಂಟಲಿನ ಗಡ್ಡೆ, ಹಾಳಾದ ಹಲ್ಲು ಎಲ್ಲವೂ ನಿಜವೇ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2005ರಲ್ಲಿ ಜಾರಿಗೆ ಬಂತು. ಆಮೇಲೆ ಎಷ್ಟೋ ದೇಶಗಳಲ್ಲಿ ಪ್ಯಾಕಿನ ಅರ್ಧಕ್ಕಿಂತ ಜಾಸ್ತಿ ಜಾಗ ಎಚ್ಚರಿಕೆಗೇ ಮೀಸಲಾಗಿದೆ. ಕೆನಡಾದವರಂತೂ 2023ರಲ್ಲಿ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚು ಹಾಕಬೇಕು ಅಂತ ನಿಯಮ ಮಾಡಿದರು. ಒಳ್ಳೆಯದೇ ಆಯಿತು.

ಆದರೆ ಈ ಚಿತ್ರಗಳೆಲ್ಲ ಇಪ್ಪತ್ತು, ಮೂವತ್ತು ವರ್ಷ ಆಚೆಯ ಮಾತು. ಇಪ್ಪತ್ತೈದರ ಹುಡುಗನಿಗೆ ಐವತ್ತೈದರಲ್ಲಿ ಬರುವ ಕ್ಯಾನ್ಸರ್ ಬೇರೆ ಯಾರದೋ ಕಥೆ. ‘ಆಗ ನೋಡ್ಕೊಳ್ಳೋಣ ಬಿಡಿ’ ಅನ್ನುತ್ತಾನೆ, ಕಡ್ಡಿ ಗೀರುತ್ತಾನೆ. ಇವತ್ತು, ಈ ಸಿಗರೇಟಿಗೇ ಅವನ ರಕ್ತದಲ್ಲಿ ಏನಾಗುತ್ತಿದೆ ಅಂತ ಅವನಿಗೆ ಯಾರೂ ಹೇಳಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಅದು ಅಂಕಿಗಳಲ್ಲಿ ಕಾಣುತ್ತದೆ. ಅದನ್ನು ಸೇದುವವನ ತನಕ ತಲುಪಿಸುವ ದಾರಿ ಮಾತ್ರ ನೀವು ಮಾಡಿಲ್ಲ. ಈ ಪತ್ರ ಅದಕ್ಕಾಗಿ.

ಮೊದಲು ಹೊಗೆಯ ವಿಚಾರ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಇದು ನಿಮಗೆ ಬಾಯಿಪಾಠ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಒಂದೇ ಒಂದು ದಮ್ಮಿನ ಹೊಗೆಯಲ್ಲಿ ಫ್ರೀ ರ‍್ಯಾಡಿಕಲ್‌ಗಳ ಲೆಕ್ಕ 1ರ ಮುಂದೆ 15 ಸೊನ್ನೆ ಇಟ್ಟಷ್ಟು ಆಗುತ್ತದೆ. ಫ್ರೀ ರ‍್ಯಾಡಿಕಲ್ ಅಂದರೆ ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡು ಪಕ್ಕದ ಅಣುವಿನಿಂದ ಇನ್ನೊಂದನ್ನು ಕಿತ್ತುಕೊಳ್ಳಲು ನೋಡುವ ಅಣು. ಕಳೆದುಕೊಂಡ ಅಣು ಸುಮ್ಮನಿರುವುದಿಲ್ಲ, ಅದು ಮತ್ತೊಂದರ ಮೇಲೆ ಬೀಳುತ್ತದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬು, ಪ್ರೋಟೀನು, ಡಿಎನ್ಎ ಯಾವುದನ್ನೂ ಇದು ಬಿಡುವುದಿಲ್ಲ. ನಮ್ಮ ರಕ್ತದಲ್ಲಿ ಇದನ್ನು ತಡೆಯಲು ಒಂದಿಷ್ಟು ಪೋಷಕಾಂಶಗಳಿವೆ. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೆಟ್ಟಿನಂಥ ತರಕಾರಿಯಲ್ಲಿರುವ ಬೀಟಾ ಕೆರೋಟಿನ್ ಅವುಗಳಲ್ಲಿ ಮುಖ್ಯವಾದವು. ಇವನ್ನೇ ಆಂಟಿಆಕ್ಸಿಡೆಂಟ್ ಅನ್ನುವುದು. ತಮ್ಮ ಎಲೆಕ್ಟ್ರಾನ್ ತಾವೇ ಕೊಟ್ಟು ಆ ಸರಪಳಿಯನ್ನು ಅಲ್ಲಿಗೇ ನಿಲ್ಲಿಸುತ್ತವೆ. ಕೊಟ್ಟ ಮೇಲೆ ತಾವು ಖರ್ಚಾಗುತ್ತವೆ.

ಈ ಖರ್ಚನ್ನು ಕಣ್ಣಾರೆ ನೋಡಿದ ಪ್ರಯೋಗ ಒಂದಿದೆ, 1991ರಲ್ಲಿ ಪ್ರಕಟವಾದದ್ದು. ಮನುಷ್ಯನ ರಕ್ತದ ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ಉಳಿಯುವ ದ್ರವ, ತೆಗೆದುಕೊಂಡು ಅದಕ್ಕೆ ಸಿಗರೇಟಿನ ಹೊಗೆ ಹಾಯಿಸಿದರು. ಟಾರ್ ಎಂಬ ಅಂಟು ಕಣಗಳನ್ನು ಸೋಸಿ ತೆಗೆದ ಬರೀ ಅನಿಲದ ಭಾಗ ಅದು. ಮೊದಲು ಖಾಲಿಯಾದದ್ದು ವಿಟಮಿನ್ ಸಿ. ಅದು ಇರುವವರೆಗೆ ಪ್ಲಾಸ್ಮಾದ ಕೊಬ್ಬಿಗೆ ಏನೂ ಆಗಲಿಲ್ಲ. ಅದು ಮುಗಿದ ಕೂಡಲೇ ಕೊಬ್ಬು ಕೆಡಲು ಶುರುವಾಯಿತು. ಅಂದರೆ ಮುಂದಿನ ಸಾಲಿನಲ್ಲಿ ನಿಂತು ಪೆಟ್ಟು ತಿನ್ನುವುದು ವಿಟಮಿನ್ ಸಿ. ಫಿಲ್ಟರ್ ಇದೆಯಲ್ಲ, ಟಾರ್ ಕಡಿಮೆ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳುವವರು ಈ ಪ್ರಯೋಗ ಗಮನಿಸಬೇಕು. ವಿಟಮಿನ್ ಸಿ ಖಾಲಿ ಮಾಡಿದ್ದು ಫಿಲ್ಟರಿನಲ್ಲಿ ತೂರಿಕೊಂಡು ಬರುವಂಥ ಅನಿಲವೇ.

ಸೇದುವವರ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುವುದು ಹಳೆಯ ಸಂಗತಿ. ಹೀಗೆ ಹೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಸೇದುವವರು ಹಣ್ಣು ತರಕಾರಿ ಕಡಿಮೆ ತಿನ್ನುತ್ತಾರೆ, ಅದಕ್ಕೇ ಇರಬೇಕು, ಅಲ್ವಾ? ಪ್ರಶ್ನೆ ಸರಿಯಾದದ್ದೇ. ಅವರ ಊಟ ಸರಾಸರಿ ಸ್ವಲ್ಪ ಕಳಪೆ ಎಂಬುದೂ ಹೌದು. ಆದರೆ ತಿನ್ನುವ ಪ್ರಮಾಣವನ್ನು ಸರಿದೂಗಿಸಿ ಲೆಕ್ಕ ಹಾಕಿದರೂ ವ್ಯತ್ಯಾಸ ಉಳಿಯುತ್ತದೆ. ಇಬ್ಬರಿಗೂ ಒಂದೇ ಸಂಬಳ, ಒಬ್ಬನಿಗೆ ಮಾತ್ರ ತಿಂಗಳು ತಿಂಗಳೂ ಬಡ್ಡಿ ಕಟ್ಟುವ ಸಾಲ ಇದ್ದ ಹಾಗೆ. ಸೇದುವವರ ದೇಹದಲ್ಲಿ ವಿಟಮಿನ್ ಸಿ ಬಳಕೆಯಾಗಿ ಹೋಗುವ ವೇಗ ಸುಮಾರು ಶೇ 40ರಷ್ಟು ಜಾಸ್ತಿ ಅಂತ 1980ರ ದಶಕದ ಆರಂಭದಲ್ಲೇ ಅಳೆದಿದ್ದರು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2000ನೇ ಇಸವಿಯಲ್ಲಿ ದಿನಕ್ಕೆ ಬೇಕಾದ ವಿಟಮಿನ್ ಸಿ ಪ್ರಮಾಣವನ್ನು ಗಂಡಸರಿಗೆ 90 ಮಿಲಿಗ್ರಾಂ, ಹೆಂಗಸರಿಗೆ 75 ಮಿಲಿಗ್ರಾಂ ಎಂದು ನಿಗದಿ ಮಾಡಿತು. ಸೇದುವವರಿಗೆ ಅದರ ಮೇಲೆ ಇನ್ನೂ 35 ಮಿಲಿಗ್ರಾಂ ಸೇರಿಸಿತು. ಒಂದು ಚಟದ ಹೆಸರು ಹೇಳಿ ಪೋಷಕಾಂಶದ ಪ್ರಮಾಣವನ್ನೇ ಏರಿಸಿದ ಉದಾಹರಣೆ ಬೇರೆ ಹುಡುಕಿದರೂ ಸಿಗುವುದು ಕಷ್ಟ.

ಸೇದದವರೂ ಪೂರ್ತಿ ಪಾರಾಗಿಲ್ಲ. ಮನೆಯಲ್ಲಿ ಬೇರೆಯವರು ಬಿಟ್ಟ ಹೊಗೆ ಕುಡಿಯುವವರ ರಕ್ತದಲ್ಲೂ ವಿಟಮಿನ್ ಸಿ ಇಳಿದಿರುವುದು ಕಂಡಿದೆ. ಮಕ್ಕಳಲ್ಲೂ ಕಂಡಿದೆ. ‘ನನ್ನ ದೇಹ, ನನ್ನ ಇಷ್ಟ’ ಅನ್ನುವವರಿಗೆ ಹೇಳಲು ಇಷ್ಟು ಸಾಕು.

ವಿಟಮಿನ್ ಇ ಕಥೆ ಇನ್ನೂ ಸೂಕ್ಷ್ಮ. ಅಳೆದರೆ ಸೇದುವವರ ರಕ್ತದಲ್ಲಿ ಇದು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ರಿಪೋರ್ಟ್ ನೋಡಿದವರು ಏನೂ ತೊಂದರೆಯಿಲ್ಲ ಅಂದುಕೊಳ್ಳಬಹುದು. ಆದರೆ ಗುರುತು ಹಾಕಿದ ವಿಟಮಿನ್ ಇ ಕೊಟ್ಟು, ಅದು ರಕ್ತದಿಂದ ಎಷ್ಟು ಬೇಗ ಮಾಯವಾಗುತ್ತದೆ ಎಂದು 2005ರಲ್ಲಿ ಅಮೆರಿಕದ ಸಂಶೋಧಕರು ನೋಡಿದರು. ಸೇದುವವರಲ್ಲಿ ಅದು ಬೇಗ ಮಾಯವಾಯಿತು. ಕಾರಣ ವಿಟಮಿನ್ ಸಿ ಜೊತೆಗಿನ ನಂಟು. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವಂಥದ್ದು, ಜೀವಕೋಶದ ಪೊರೆಯೊಳಗೇ ಕೂತು ಕೊಬ್ಬನ್ನು ಕಾಯುತ್ತದೆ. ಪೆಟ್ಟು ತಿಂದ ವಿಟಮಿನ್ ಇ ಅಣುವನ್ನು ಮತ್ತೆ ಸರಿಮಾಡುವುದು ನೀರಿನಂಶದಲ್ಲಿರುವ ವಿಟಮಿನ್ ಸಿ. ಸಿ ಕಡಿಮೆಯಾದರೆ ಇ ರಿಪೇರಿ ಆಗುವುದಿಲ್ಲ. ಅದೇ ಸಂಶೋಧಕರು ಮುಂದಿನ ಅಧ್ಯಯನದಲ್ಲಿ ಸೇದುವವರಿಗೆ ಎರಡು ವಾರ ವಿಟಮಿನ್ ಸಿ ಕೊಟ್ಟು ನೋಡಿದಾಗ ವಿಟಮಿನ್ ಇ ಸೋರುವುದು ಹತೋಟಿಗೆ ಬಂತು. ಕೆಲವೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನಗಳು ಇವು. ಆದರೂ ಒಳಗಿನ ಲೆಕ್ಕಾಚಾರ ಹೇಗೆ ನಡೆಯುತ್ತದೆ ಅನ್ನುವುದನ್ನು ಚೆನ್ನಾಗಿ ತೋರಿಸಿಕೊಟ್ಟವು.

ಇಲ್ಲಿಗೆ ಓದಿ ನಿಲ್ಲಿಸಿದರೆ ಅಪಾಯ. ‘ಓ, ಹಾಗಾದರೆ ದಿನಾ ಒಂದು ಮಾತ್ರೆ ನುಂಗಿ ಸೇದಿದರಾಯಿತು’ ಎಂದು ಯಾರಾದರೂ ಹೊರಡುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಹೀಗೆ ಹೊರಟವರನ್ನು ನಾನು ನೋಡಿದ್ದೇನೆ. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಮಲ್ಟಿವಿಟಮಿನ್ ಡಬ್ಬಿ. ಇವರಿಗೆ ಬೀಟಾ ಕೆರೋಟಿನ್ ಕಥೆ ಹೇಳಲೇಬೇಕು. ನಿಮ್ಮ ಎಚ್ಚರಿಕೆಗಳಲ್ಲಿ ಇದು ಎಲ್ಲೂ ಇಲ್ಲದಿರುವುದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಸೇದುವವರ ರಕ್ತದಲ್ಲಿ ಬೀಟಾ ಕೆರೋಟಿನ್ ಕಡಿಮೆ ಇರುತ್ತದೆ. ಅದು ಜಾಸ್ತಿ ಇರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದೂ ಕಂಡಿತ್ತು. ಹಾಗಿದ್ದರೆ ಮಾತ್ರೆ ಕೊಟ್ಟರೆ ಕ್ಯಾನ್ಸರ್ ತಡೆಯಬಹುದಲ್ಲ? ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ 29,133 ಗಂಡಸರನ್ನು ಸೇರಿಸಿಕೊಂಡರು. ಎಲ್ಲರೂ ಸೇದುವವರೇ. ಒಂದಿಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಐದರಿಂದ ಎಂಟು ವರ್ಷ ಹೀಗೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿಯಾಗಿತ್ತು. ಒಟ್ಟು ಸಾವುಗಳೂ ಶೇ 8ರಷ್ಟು ಹೆಚ್ಚು. ಏನೋ ಆಕಸ್ಮಿಕ ಇರಬಹುದು ಎಂದು ಕೆಲವರು ಅಂದುಕೊಂಡರು. ಅಷ್ಟರಲ್ಲಿ ಅಮೆರಿಕದಲ್ಲಿ 18,314 ಜನರ ಮೇಲೆ ಇಂಥದ್ದೇ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಸೇದುವವರು, ಬಿಟ್ಟವರು, ಕಲ್ನಾರಿನ (ಆಸ್ಬೆಸ್ಟಾಸ್) ಕೆಲಸ ಮಾಡಿದವರು ಅದರಲ್ಲಿದ್ದರು. ಅವರಿಗೆ ಬೀಟಾ ಕೆರೋಟಿನ್ ಜೊತೆಗೆ ವಿಟಮಿನ್ ಎ ಕೊಡುತ್ತಿದ್ದರು. 1996ರ ಜನವರಿಯಲ್ಲಿ, ಗೊತ್ತುಮಾಡಿದ ಅವಧಿಗೆ 21 ತಿಂಗಳು ಮುಂಚೆಯೇ, ಅದನ್ನು ನಿಲ್ಲಿಸಿಬಿಟ್ಟರು. ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಹೆಚ್ಚಿತ್ತು, ಸಾವು ಶೇ 17ರಷ್ಟು ಹೆಚ್ಚಿತ್ತು.

ವಿಚಿತ್ರ ಏನೆಂದರೆ ಫಿನ್ಲೆಂಡಿನ ಅದೇ ಗುಂಪಿನಲ್ಲಿ, ಪರೀಕ್ಷೆ ಶುರುವಾಗುವ ಮುಂಚೆ ಊಟದಿಂದಲೇ ಬೀಟಾ ಕೆರೋಟಿನ್ ಜಾಸ್ತಿ ಸಿಗುತ್ತಿದ್ದವರಿಗೆ ಕ್ಯಾನ್ಸರ್ ಕಡಿಮೆ ಬಂದಿತ್ತು. ಊಟದಲ್ಲಿ ಬಂದದ್ದು ಒಂದು ಬಗೆ, ಮಾತ್ರೆಯಲ್ಲಿ ರಾಶಿಯಾಗಿ ಬಂದದ್ದು ಇನ್ನೊಂದು ಬಗೆ. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅಷ್ಟೊಂದು ಬೀಟಾ ಕೆರೋಟಿನ್ ತಾನೇ ಒಡೆದು, ಕೋಶಗಳಿಗೆ ಹಾನಿ ಮಾಡುವ ತುಣುಕುಗಳಾಗುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಫೆರೆಟ್ ಎಂಬ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಹೊಗೆ ಮತ್ತು ಭಾರೀ ಪ್ರಮಾಣದ ಬೀಟಾ ಕೆರೋಟಿನ್ ಎರಡೂ ಸೇರಿದಾಗ ಶ್ವಾಸಕೋಶದ ಕೋಶಗಳು ಕ್ಯಾನ್ಸರಿಗೆ ಮುಂಚಿನ ರೂಪಕ್ಕೆ ತಿರುಗಿದ್ದು ಕಂಡಿತು.

ಇದು ಹಳೆಯ ಸುದ್ದಿ ಅಂತ ಬದಿಗಿಡಬೇಡಿ. ವಯಸ್ಸಾದವರ ಕಣ್ಣಿನ ಅಕ್ಷಿಪಟಲ ಹಾಳಾಗದಂತೆ ಕೊಡುವ ವಿಟಮಿನ್ ಮಾತ್ರೆಗಳ ಹಳೆಯ ಸೂತ್ರದಲ್ಲಿ ಬೀಟಾ ಕೆರೋಟಿನ್ ಇತ್ತು. 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದನ್ನು ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿತು, ಅವರಲ್ಲಿ ಹೆಚ್ಚಿನವರು ಸಿಗರೇಟು ಬಿಟ್ಟು ಬಂದವರು. ಆಮೇಲೆ ಬೀಟಾ ಕೆರೋಟಿನ್ ತೆಗೆದು ಅದರ ಜಾಗಕ್ಕೆ ಲ್ಯೂಟಿನ್, ಝಿಯಾಕ್ಸಾಂಥಿನ್ ಎಂಬ ಬೇರೆ ಪೋಷಕಾಂಶ ಹಾಕಿದರು. ಹಾಗಿದ್ದ ಮೇಲೆ ಡಬ್ಬಿಯ ಮೇಲೆ ‘ಸೇದುವವರು, ಮುಂಚೆ ಸೇದುತ್ತಿದ್ದವರು ಇದನ್ನು ತೆಗೆದುಕೊಳ್ಳಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಯಲು ಕಷ್ಟವೇನು? ಸಿಗರೇಟಿನ ಪ್ಯಾಕಿಗೆ ಎಚ್ಚರಿಕೆ ಬೇಕು, ಸರಿ. ಈ ಡಬ್ಬಿಗೂ ಬೇಕು. ಅದನ್ನು ‘ಆರೋಗ್ಯ’ ಎಂಬ ಹೆಸರಿನಲ್ಲಿ ಮಾರುತ್ತಾರೆ, ಕೊಳ್ಳುವವನೂ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡು ಕೊಳ್ಳುತ್ತಾನೆ.

ಇನ್ನು ಬಿಳಿ ರಕ್ತಕಣಗಳ ವಿಷಯ. ಇದು ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸಿಬಿಸಿ ಎಂಬ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಟೋಟಲ್ ಕೌಂಟ್ ಎಂದು ಒಂದು ಸಾಲು ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಬಿಳಿ ಕಣಗಳಿದ್ದರೆ ನಾರ್ಮಲ್ ಎಂದು ಬರೆದು ಕಳಿಸುತ್ತೇವೆ. ಸೇದುವವರಲ್ಲಿ ಈ ಸಂಖ್ಯೆ ಸರಾಸರಿ ಶೇ 20ರಿಂದ 30ರಷ್ಟು ಜಾಸ್ತಿ. ದಿನಕ್ಕೆ ಸೇದುವ ಸಿಗರೇಟು ಹೆಚ್ಚಿದಷ್ಟೂ ಎಣಿಕೆ ಏರುತ್ತದೆ. ಸೋಂಕಿಲ್ಲ, ಜ್ವರವಿಲ್ಲ, ಗಾಯವಿಲ್ಲ. ಆದರೂ ಸೈನ್ಯ ಬೀದಿಗಿಳಿದಿದೆ. ಸಮಸ್ಯೆ ಏನೆಂದರೆ 6,500 ಇರಬೇಕಾದವನಿಗೆ 8,300 ಬಂದರೂ ಅದು ನಾರ್ಮಲ್ ಗೆರೆಯೊಳಗೇ ಇರುತ್ತದೆ. ಯಾರೂ ಅದರ ಕೆಳಗೆ ಗೆರೆ ಎಳೆಯುವುದಿಲ್ಲ. ವೈದ್ಯರು ಪುಟ ತಿರುಗಿಸುತ್ತಾರೆ, ರೋಗಿ ಎಲ್ಲ ಸರಿಯಿದೆ ಅಂದುಕೊಂಡು ಮನೆಗೆ ಹೋಗುತ್ತಾನೆ. ಬಿಳಿ ಕಣಗಳ ಎಣಿಕೆ ಹೀಗೆ ಸದಾ ಮೇಲಿರುವವರಿಗೆ ಹೃದಯದ ಕಾಯಿಲೆ ಹೆಚ್ಚು ಎಂಬುದು ಎಷ್ಟೋ ವರ್ಷಗಳಿಂದ ಗೊತ್ತಿರುವ ವಿಚಾರ.

ಕಣ ಜಾಸ್ತಿಯಾದರೆ ಒಳ್ಳೆಯದಲ್ವಾ, ರೋಗನಿರೋಧಕ ಶಕ್ತಿ ಹೆಚ್ಚಿತು ತಾನೇ? ಈ ಪ್ರಶ್ನೆಯನ್ನು ಓದಿಕೊಂಡವರೂ ಕೇಳುತ್ತಾರೆ. ಉತ್ತರ, ಇಲ್ಲ. ಹೆಚ್ಚಾಗುವುದರಲ್ಲಿ ದೊಡ್ಡ ಪಾಲು ನ್ಯೂಟ್ರೋಫಿಲ್ ಎಂಬ ಕಣಗಳದ್ದು. ಆರೋಗ್ಯವಂತನ ಮೂಳೆ ಮಜ್ಜೆ ದಿನಕ್ಕೆ ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೋಫಿಲ್ ಮಾಡುತ್ತದೆ. ಹೊಗೆ ಶ್ವಾಸಕೋಶವನ್ನು ಕೆಣಕಿದಾಗ ಅಲ್ಲಿಂದ ಉರಿಯೂತದ ಸಂಕೇತಗಳು ಹೊರಟು ಮಜ್ಜೆಯನ್ನು ತಟ್ಟುತ್ತವೆ. ಮಜ್ಜೆ ಇನ್ನಷ್ಟು ಕಣಗಳನ್ನು, ಪೂರ್ತಿ ಬಲಿಯದವುಗಳನ್ನೂ ಸೇರಿಸಿ, ಹೊರಗೆ ಬಿಡುತ್ತದೆ. ಶ್ವಾಸಕೋಶದ ಸಣ್ಣ ರಕ್ತನಾಳಗಳು ನ್ಯೂಟ್ರೋಫಿಲ್‌ಗಿಂತಲೂ ಕಿರಿದು. ಕಣ ತನ್ನ ಮೈ ಹಿಗ್ಗಿಸಿ ಕುಗ್ಗಿಸಿ ನುಸುಳಿಕೊಂಡು ದಾಟಬೇಕು. ಹೊಗೆ ತಾಕಿದ ನ್ಯೂಟ್ರೋಫಿಲ್ ಗಡುಸಾಗುತ್ತದೆ, ಬಾಗುವುದಿಲ್ಲ. ಹಾಗಾಗಿ ಅಲ್ಲೇ ಸಿಕ್ಕಿಕೊಂಡು ಹೆಚ್ಚು ಹೊತ್ತು ಉಳಿಯುತ್ತದೆ. ಸಿಗರೇಟು ಸೇದುತ್ತಿರುವಾಗಲೇ ಹೀಗಾಗುವುದನ್ನು 1989ರಲ್ಲಿ ಗುರುತು ಹಾಕಿದ ಕಣಗಳ ಮೂಲಕ ತೋರಿಸಿದ್ದಾರೆ.

ಸಿಕ್ಕಿಕೊಂಡದ್ದು ಸುಮ್ಮನೆ ಕೂರುವುದಿಲ್ಲ. ಕೀಟಾಣು ಕೊಲ್ಲಲು ಇಟ್ಟುಕೊಂಡ ಎಲಾಸ್ಟೇಸ್ ಎಂಬ ಕಿಣ್ವವನ್ನು ಅಲ್ಲೇ ಸುರಿಯುತ್ತದೆ. ಶ್ವಾಸಕೋಶಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ನಾರುಗಳನ್ನು ಅದು ಕತ್ತರಿಸುತ್ತದೆ. ಇದನ್ನು ತಡೆಯಲು ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಇದೆ. ಹುಟ್ಟಿನಿಂದಲೇ ಈ ಪ್ರೋಟೀನು ಕಡಿಮೆಯಿರುವ ಜನರನ್ನು 1963ರಲ್ಲಿ ಸ್ವೀಡನ್‌ನಲ್ಲಿ ಲಾರೆಲ್ ಮತ್ತು ಎರಿಕ್ಸನ್ ಎಂಬ ಇಬ್ಬರು ಗುರುತಿಸಿದರು. ಅಂಥವರಿಗೆ ಚಿಕ್ಕ ವಯಸ್ಸಿಗೇ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹರಿದು ಹೋಗುವ ಕಾಯಿಲೆ ಬರುತ್ತಿತ್ತು. ಸೇದುವವನಿಗೆ ಹುಟ್ಟಿನಿಂದ ಆ ಕೊರತೆಯಿಲ್ಲ. ಆದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಹೊಗೆಯ ಆಕ್ಸಿಡೆಂಟ್‌ಗಳು ಈ ಪ್ರೋಟೀನಿನ ಒಂದು ಮುಖ್ಯ ಜಾಗಕ್ಕೆ ಪೆಟ್ಟು ಕೊಟ್ಟು ಅದರ ಕೆಲಸ ಕೆಡಿಸುತ್ತವೆ. ಒಂದು ಕಡೆ ಕತ್ತರಿ ಜಾಸ್ತಿ, ಇನ್ನೊಂದು ಕಡೆ ಕತ್ತರಿ ತಡೆಯುವ ಕೈ ಸೋತಿದೆ. ಪೋಷಕಾಂಶದ ಕಥೆಯೂ ಬಿಳಿ ಕಣದ ಕಥೆಯೂ ಬೇರೆ ಬೇರೆಯಲ್ಲ ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಇನ್ನೊಂದು ಕೊಂಡಿಯೂ ಇದೆ. ಬಿಳಿ ಕಣಗಳು ವಿಟಮಿನ್ ಸಿಯನ್ನು ಎಳೆದುಕೊಂಡು ತಮ್ಮೊಳಗೆ ಕೂಡಿಡುತ್ತವೆ. ಅವುಗಳ ಒಳಗಿನ ಪ್ರಮಾಣ ಹೊರಗಿನ ಪ್ಲಾಸ್ಮಾಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ನ್ಯೂಟ್ರೋಫಿಲ್ ಕೀಟಾಣು ಕೊಲ್ಲುವುದು ತಾನೇ ತಯಾರಿಸುವ ಆಕ್ಸಿಡೆಂಟ್‌ಗಳಿಂದ. ಬ್ಲೀಚಿನಲ್ಲಿರುವಂಥ ಹೈಪೋಕ್ಲೋರಸ್ ಆಮ್ಲವನ್ನೂ ಅದು ಮಾಡುತ್ತದೆ. ಆ ಸಿಡಿತದಲ್ಲಿ ತಾನು ಸುಟ್ಟುಹೋಗದಿರಲು ಅದಕ್ಕೆ ವಿಟಮಿನ್ ಸಿ ಬೇಕು. ಸೇದುವವರ ಬಿಳಿ ಕಣಗಳಲ್ಲಿ ಈ ದಾಸ್ತಾನೇ ಕಡಿಮೆ. ಸಂಖ್ಯೆಯಲ್ಲಿ ಹೆಚ್ಚು, ಒಳಗೆ ಬಡಕಲು.

ಉಳಿದ ಕಣಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಶ್ವಾಸಕೋಶದ ಕಸ ಗುಡಿಸುವ ಮ್ಯಾಕ್ರೋಫೇಜ್‌ಗಳು ಸೇದುವವರಲ್ಲಿ ಹಲವು ಪಟ್ಟು ಹೆಚ್ಚಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಗೆಯ ಕಂದು ಕಸ ತುಂಬಿಕೊಂಡು ಕೂತಿರುತ್ತವೆ, ಬ್ಯಾಕ್ಟೀರಿಯಾ ನುಂಗುವ ಕೆಲಸದಲ್ಲಿ ಹಿಂದೆ. ಸೋಂಕಿತ ಕೋಶ, ಗಡ್ಡೆಯ ಕೋಶ ಹುಡುಕಿ ಕೊಲ್ಲುವ ಎನ್‌ಕೆ ಕಣಗಳ ಚುರುಕು ಇಳಿದಿರುತ್ತದೆ. ತುಂಬಾ ವರ್ಷ ತುಂಬಾ ಸೇದಿದವರಲ್ಲಿ ಟಿ ಕಣಗಳಲ್ಲಿ ಉಳಿದ ಕಣಗಳಿಗೆ ನೆರವಾಗುವ ಸಿಡಿ4, ಸೋಂಕಿತ ಕೋಶ ಕೊಲ್ಲುವ ಸಿಡಿ8 ಇವುಗಳ ಅನುಪಾತವೂ ತಗ್ಗುತ್ತದೆ. ರಕ್ತದ ಐಜಿಜಿ ಪ್ರತಿಕಾಯ ಕಡಿಮೆಯಾಗುತ್ತದೆ. ಅಲರ್ಜಿಗೆ ಸಂಬಂಧಪಟ್ಟ ಐಜಿಇ ಮಾತ್ರ ಏರುತ್ತದೆ. ಬೇಕಾದದ್ದು ಇಳಿದು ಬೇಡದ್ದು ಏರುವುದು ಅಂದರೆ ಇದೇ.

ಇದರ ಪರಿಣಾಮ ಆಸ್ಪತ್ರೆಯ ವಾರ್ಡಿನಲ್ಲಿ ಕಾಣುತ್ತದೆ. ನ್ಯುಮೋಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ತರುವ ತೀವ್ರ ಕಾಯಿಲೆ, ಬೇರೆ ತೊಂದರೆಯಿಲ್ಲದ 18ರಿಂದ 64 ವಯಸ್ಸಿನವರನ್ನು ನೋಡಿದರೆ, ಸೇದುವವರಲ್ಲಿ ಸುಮಾರು ನಾಲ್ಕು ಪಟ್ಟು ಎಂದು 2000ನೇ ಇಸವಿಯ ಅಧ್ಯಯನ ಹೇಳಿತು. ತಾವು ಸೇದದೆ ಬೇರೆಯವರ ಹೊಗೆ ಕುಡಿದವರಲ್ಲೂ ಎರಡೂವರೆ ಪಟ್ಟು. ಅಮೆರಿಕದ ಲಸಿಕಾ ಸಲಹಾ ಸಮಿತಿ 2008ರಲ್ಲಿ ಸೇದುವ ವಯಸ್ಕರಿಗೆ ನ್ಯುಮೋಕಾಕಸ್ ಲಸಿಕೆ ಕೊಡಬೇಕೆಂದು ಶಿಫಾರಸು ಮಾಡಿತು. ಕ್ಷಯದ ಅಪಾಯವೂ ಸೇದುವವರಿಗೆ ಸುಮಾರು ಎರಡು ಪಟ್ಟು. ‘ನಿನಗೆ ಪದೇ ಪದೇ ಕೆಮ್ಮು ನೆಗಡಿ ಯಾಕೆ ಗೊತ್ತಾ’ ಎಂದು ಶುರುವಾಗುವ ಒಂದು ಎಚ್ಚರಿಕೆ ನಿಮ್ಮ ಕಡೆಯಿಂದ ಬಂದರೆ, ಆ ಇಪ್ಪತ್ತೈದರ ಹುಡುಗ ಒಂದು ಕ್ಷಣ ನಿಂತು ಓದುತ್ತಾನೆ ಎಂದು ನನ್ನ ನಂಬಿಕೆ.

ಈಗ ಒಳ್ಳೆಯ ಸುದ್ದಿ. ಇದನ್ನು ನೀವು ಹೇಳುವುದೇ ಇಲ್ಲ ಅನ್ನುವುದು ನನ್ನ ನಿಜವಾದ ದೂರು.

ರಕ್ತ ಬೇಗ ಚೇತರಿಸಿಕೊಳ್ಳುತ್ತದೆ. ಆಮ್ಲಜನಕದ ಜಾಗ ಹಿಡಿದು ಕೂರುವ ಕಾರ್ಬನ್ ಮೊನಾಕ್ಸೈಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಒಂದೆರಡು ದಿನದಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ಕೊಬ್ಬು ಆಕ್ಸಿಡೀಕರಣಗೊಂಡಾಗ ಹುಟ್ಟುವ ಎಫ್2-ಐಸೊಪ್ರೊಸ್ಟೇನ್ ಎಂಬ ವಸ್ತುವನ್ನು ಹೆಚ್ಚು ಸೇದುವವರ ರಕ್ತದಲ್ಲಿ 1995ರಲ್ಲಿ ಅಳೆದಿದ್ದರು. ಎರಡು ವಾರ ಸಿಗರೇಟು ಮುಟ್ಟದೆ ಇದ್ದಾಗ ಅದು ಚೆನ್ನಾಗಿ ಇಳಿಯಿತು. ಬಿಟ್ಟ ಕೆಲವು ವಾರಗಳಲ್ಲಿ ವಿಟಮಿನ್ ಸಿ ಮತ್ತು ಇತರ ಆಂಟಿಆಕ್ಸಿಡೆಂಟ್‌ಗಳು ರಕ್ತದಲ್ಲಿ ಏರುತ್ತವೆ, ಊಟ ಬದಲಿಸದಿದ್ದರೂ. ಬಿಳಿ ಕಣಗಳ ಎಣಿಕೆಯೂ ವಾರಗಳಲ್ಲೇ ಇಳಿಯಲು ಶುರುವಾಗುತ್ತದೆ. ‘ಹತ್ತು ವರ್ಷದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಅರ್ಧವಾಗುತ್ತದೆ’ ಎಂಬ ಮಾತಿಗೂ, ‘ಈ ತಿಂಗಳ ಕೊನೆಗೆ ನಿಮ್ಮ ರಕ್ತದಲ್ಲೇ ಬದಲಾವಣೆ ಕಾಣಬಹುದು’ ಎಂಬ ಮಾತಿಗೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಆದರೆ ಎಲ್ಲವೂ ಮೊದಲಿನಂತೆ ಆಗಿಬಿಡುತ್ತದೆ ಎಂದು ಬಣ್ಣ ಹಚ್ಚಬೇಡಿ. ಪ್ಯಾರಿಸ್ಸಿನ ಪಾಸ್ಚರ್ ಇನ್‌ಸ್ಟಿಟ್ಯೂಟ್‌ನವರು 2024ರ ಫೆಬ್ರವರಿಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಾವಿರ ಆರೋಗ್ಯವಂತರ ರಕ್ತಕ್ಕೆ ಬೇರೆ ಬೇರೆ ಸೂಕ್ಷ್ಮಜೀವಿಗಳನ್ನು ತಾಕಿಸಿ, ಕಣಗಳು ಹೇಗೆ ಉತ್ತರಿಸುತ್ತವೆ ಎಂದು ನೋಡಿದರು. ನೂರಕ್ಕೂ ಹೆಚ್ಚು ಅಂಶಗಳನ್ನು ತೂಗಿ ನೋಡಿದಾಗ ಹೆಚ್ಚು ಪ್ರಭಾವ ಬೀರಿದವುಗಳಲ್ಲಿ ಸಿಗರೇಟೂ ಒಂದು. ಹುಟ್ಟಿನಿಂದ ಬಂದ ತಕ್ಷಣದ ಪ್ರತಿರೋಧದಲ್ಲಿ ಉರಿಯೂತ ಹೆಚ್ಚಿತ್ತು, ಬಿಟ್ಟವರಲ್ಲಿ ಅದು ಹೋಗಿತ್ತು. ಆದರೆ ರೋಗವನ್ನು ನೆನಪಿಟ್ಟು ಹೋರಾಡುವ ಬಿ ಮತ್ತು ಟಿ ಕಣಗಳ ಭಾಗದಲ್ಲಿ ಆದ ಬದಲಾವಣೆ ಬಿಟ್ಟು 10-15 ವರ್ಷವಾದ ಮೇಲೂ ಉಳಿದಿತ್ತು. ಡಿಎನ್ಎ ಮೇಲೆ ಅಂಟಿಕೊಂಡು ಜೀನ್‍ಗಳ ಕೆಲಸ ಹೆಚ್ಚು ಕಡಿಮೆ ಮಾಡುವ ಮೀಥೈಲ್ ಗುರುತುಗಳು ಇದರ ಹಿಂದಿವೆ. ಇನ್ನು ತಂಬಾಕು ಗಿಡ ಮಣ್ಣಿನಿಂದ ಹೀರುವ ಕ್ಯಾಡ್ಮಿಯಂ ಎಂಬ ವಿಷಲೋಹ ಒಮ್ಮೆ ಮೂತ್ರಪಿಂಡಕ್ಕೆ ಸೇರಿದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇರುತ್ತದೆ. ಹಾಗಾಗಿ ಇಪ್ಪತ್ತೈದಕ್ಕೆ ಬಿಡುವುದೂ ನಲವತ್ತೈದಕ್ಕೆ ಬಿಡುವುದೂ ಒಂದೇ ಅಲ್ಲ. ನಲವತ್ತೈದಕ್ಕೆ ಬಿಡುವುದು ವ್ಯರ್ಥ ಎಂದೂ ಅಲ್ಲ. ಎರಡನ್ನೂ ಒಟ್ಟಿಗೆ ಹೇಳುವಷ್ಟು ಜನರನ್ನು ನಂಬಿ.

ನನ್ನ ಬೇಡಿಕೆಗಳು ದೊಡ್ಡವಲ್ಲ. ರಕ್ತ ಪರೀಕ್ಷೆಗೆ ಬರುವವರ ಫಾರಂನಲ್ಲಿ ‘ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ’ ಎಂದು ಕೇಳುತ್ತೀರಿ. ಅದರ ಕೆಳಗೆ ‘ಸೇದುತ್ತೀರಾ, ದಿನಕ್ಕೆ ಎಷ್ಟು’ ಎಂಬ ಸಾಲೊಂದನ್ನು ಸೇರಿಸಿ. ಹೌದು ಎಂದವರ ರಿಪೋರ್ಟಿನಲ್ಲಿ ಟೋಟಲ್ ಕೌಂಟ್ ಪಕ್ಕ, ಸೇದುವುದರಿಂದ ಇದು ಏರಿರಬಹುದು ಎಂದು ಅಚ್ಚಾಗಲಿ. ಹಾಗೆಂದು ಏರಿದ ಎಣಿಕೆಯನ್ನೆಲ್ಲ ಸಿಗರೇಟಿನ ತಲೆಗೆ ಕಟ್ಟಿ ಬೇರೆ ಕಾಯಿಲೆ ಕಡೆಗಣಿಸಬೇಡಿ ಎಂದು ವೈದ್ಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ವಿಟಮಿನ್ ಸಿ ಅಳತೆಯನ್ನು ಎಲ್ಲರಿಗೂ ಮಾಡಿಸಿ ಎಂದೂ ಕೇಳುತ್ತಿಲ್ಲ. ರಕ್ತ ತೆಗೆದ ಕೂಡಲೇ ತಣ್ಣಗಿಟ್ಟು, ಆಮ್ಲ ಬೆರೆಸಿ ಕಾಪಾಡದಿದ್ದರೆ ಆ ವಿಟಮಿನ್ ಟ್ಯೂಬಿನಲ್ಲೇ ಕೆಟ್ಟುಹೋಗುತ್ತದೆ, ಸಾಮಾನ್ಯ ಲ್ಯಾಬಿಗೆ ಅದು ಆಗುವ ಕೆಲಸವಲ್ಲ. ಸಿಬಿಸಿ ಎಲ್ಲ ಕಡೆ ಆಗುತ್ತದೆ, ಅದು ಸಾಕು. ಬೀಟಾ ಕೆರೋಟಿನ್ ಮಾತ್ರೆಯ ಡಬ್ಬಿಗೆ ಎಚ್ಚರಿಕೆ ಕಡ್ಡಾಯ ಮಾಡಿ. ಸೇದುವವರಿಗೆ ಮಾತ್ರೆಯ ಬದಲು ಹಣ್ಣು ತರಕಾರಿ ಜಾಸ್ತಿ ತಿನ್ನಲು ಹೇಳಿ, ಅದು ಬಿಡುವುದಕ್ಕೆ ಸಮವಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಕೊನೆಯದಾಗಿ, ಬಿಡುವ ಪ್ರಯತ್ನಕ್ಕೆ ಬಂದವರಿಗೆ ಮೊದಲ ದಿನ ಒಂದು ಸಿಬಿಸಿ, ಆರು ವಾರವಾದ ಮೇಲೆ ಇನ್ನೊಂದು ಸಿಬಿಸಿ ಮಾಡಿಸಿ, ಎರಡೂ ಕಾಗದವನ್ನು ಅವರ ಕೈಗೇ ಕೊಡಿ. ಎಲ್ಲರಲ್ಲೂ ಅಂಕಿ ಒಂದೇ ರೀತಿ ಇಳಿಯುವುದಿಲ್ಲ, ಮಧ್ಯೆ ನೆಗಡಿ ಜ್ವರ ಬಂದಿದ್ದರೆ ಲೆಕ್ಕ ತಪ್ಪುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಿ. ಈ ಕೆಲಸಕ್ಕೆ ಹೊಸ ಯಂತ್ರ ಬೇಡ, ಹೊಸ ಸಿಬ್ಬಂದಿ ಬೇಡ. ಫಾರಂನಲ್ಲಿ ಸಾಲು ಸೇರಿಸುವ ಆದೇಶಕ್ಕೆ ನಿಮ್ಮ ಸಹಿ ಬಿದ್ದರೆ, ನಮ್ಮ ಕಡೆಯಿಂದ ಮರುದಿನವೇ ಶುರು ಮಾಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು